ದೇವರ ಗೂಡಿನ ಲೈಸೆನ್ಸು

"ಕೈ ತೆಗ್ಯೋ ಬೋಳೀಮಗನೇ! ಪೂಜೆ ಆಗಿರೋ ಗಾಡಿ ಕಣೋ ಅದು. ನಿಮ್ಮಪ್ಪನ ಮನೆ ಎಮ್ಮೆ ಅನ್ಕೊಂಡ್ಯೇನೋ, ಮೈ ಸವರೋಕೆ?"

ಷಡಕ್ಷರಪ್ಪ ಜಗಲಿಯ ಮೇಲಿಂದ ಕೂಗಿದ ರಭಸಕ್ಕೆ ಹೂವಪ್ಪ ಬಾನೆಟ್ಟಿನ ಮೇಲಿಟ್ಟಿದ್ದ ಕೈಯನ್ನು ಕೆಂಡ ಮುಟ್ಟಿದವನ ಹಾಗೆ ಎಳೆದುಕೊಂಡ. ಚೆಂಡುಹೂವಿನ ಹಾರ ಒಂದು ಕಡೆಗೆ ಜಾರುತ್ತಿತ್ತು. ಸರಿಮಾಡೋಣವೆಂದು ಕೈ ತಾನಾಗಿಯೇ ಹೋಗಿತ್ತು, ಅಷ್ಟೆ.

ದುರ್ಗಿಗುಡಿಯ ಆ ಮನೆಯ ಮುಂದೆ ಪ್ರತಿ ಅಮಾವಾಸ್ಯೆಗೂ ಲಾರಿಗೆ ಪೂಜೆ. ಉಳಿದ ದಿನಗಳಲ್ಲಿ ಆ ಸ್ಟಿಯರಿಂಗು ಹೂವಪ್ಪನ ಕೈಯಲ್ಲೇ ಇರುತ್ತಿತ್ತು. ಅವನ ಬೆವರು ಅದಕ್ಕೆ ಹತ್ತಿ, ಅದರ ಕಪ್ಪು ಅವನ ಅಂಗೈಗೆ ಹತ್ತಿ, ಯಾವುದರದು ಯಾವುದೆಂದು ತಿಳಿಯದ ಹಾಗಾಗಿತ್ತು. ಅಮಾವಾಸ್ಯೆಯ ದಿನ ಮಾತ್ರ ಅವನು ಲಾರಿಯನ್ನು ತುಂಗೆಗೆ ಒಯ್ದು, ತೊಳೆದು, ತಂದು ನಿಲ್ಲಿಸಿ ದೂರ ಸರಿಯಬೇಕು. ಆಮೇಲೆ ಷಡಕ್ಷರಪ್ಪನ ಅಕ್ಕನ ಮಗ ಶಿವಯೋಗಪ್ಪ ಕಂಚಿನ ಬಟ್ಟಲಲ್ಲಿ ಗೋಮೂತ್ರ ತಂದು ಮಾವಿನೆಲೆಯಿಂದ ಚಿಮುಕಿಸುತ್ತಿದ್ದ. ಹೂವಪ್ಪ ಕೂತ ಜಾಗಕ್ಕೆ, ಹೂವಪ್ಪ ಹಿಡಿದ ಜಾಗಕ್ಕೆ, ಹೂವಪ್ಪ ತುಳಿದ ಜಾಗಕ್ಕೆ. ಅದಾದ ಮೇಲೆಯೇ ಕರ್ಪೂರ, ಕಾಯಿ, ಚಕ್ರದ ಕೆಳಗೆ ನಿಂಬೆಹಣ್ಣು. ಮಾರನೆಯ ದಿನ ಹೂವಪ್ಪ ಹತ್ತಿ ಕೂತರೆ ಸೀಟಿನ ಹರಕಿನೊಳಗೆ ಇಂಗಿದ್ದ ಆ ನಾತ ಬಿಸಿಲೇರಿದ ಹಾಗೆಲ್ಲ ಮೇಲೆದ್ದು, ಭದ್ರಾವತಿ ಮುಟ್ಟುವವರೆಗೂ ಅವನ ಜೊತೆಗೇ ಪ್ರಯಾಣ ಮಾಡುತ್ತಿತ್ತು.

ಲಾರಿ ಹೊರುತ್ತಿದ್ದದ್ದು ಇದ್ದಿಲು. ಕಾಡಿನ ಗೂಡುಗಳಲ್ಲಿ ಸುಟ್ಟ ಇದ್ದಿಲನ್ನು ತುಂಬಿಕೊಂಡು ಭದ್ರಾವತಿಯ ಕಾರ್ಖಾನೆಗೆ ಹೊಡೆಯಬೇಕು. ಅದರ ಪುಡಿ ಹೂವಪ್ಪನ ಕಣ್ಣಿನ ಅಂಚಿನಲ್ಲಿ, ಉಗುರಿನ ಸಂದಿಯಲ್ಲಿ, ಅನ್ನದ ತುತ್ತಿನಲ್ಲಿ. ಕೆಮ್ಮಿದರೆ ಗಂಟಲಿಗೆ ಬರುವ ಕಫವೂ ಕಪ್ಪು. ದಾರಿಯಲ್ಲಾದರೆ ಕಿಟಕಿಯಿಂದಾಚೆ ಉಗಿಯುತ್ತಿದ್ದ. ಈ ಅಂಗಳದಲ್ಲಿ ಉಗಿಯುವಂತಿಲ್ಲ. ಒಮ್ಮೆ ಉಗಿದದ್ದಕ್ಕೆ ಷಡಕ್ಷರಪ್ಪನ ಹೆಂಡತಿ ಸುಭದ್ರಮ್ಮ ಅವನ ಕೈಯಲ್ಲೇ ಮಣ್ಣು ಕೆರೆಸಿ ಆಚೆ ಹಾಕಿಸಿದ್ದರು. ಅಂದಿನಿಂದ ಇಲ್ಲಿ ನಿಂತಾಗ ಬಂದದ್ದನ್ನು ನುಂಗುತ್ತಿದ್ದ. ಸೋಮವಾರದ ಸಂಜೆ ಒಳಗೆ ಪುರಾಣ ಓದುವಾಗ, ಹೊರಗೆ ಲಾರಿಯ ಮರೆಯಲ್ಲಿ ನಿಂತು ಕೇಳುತ್ತಿದ್ದ ಅವನಿಗೆ ಶಿವ ವಿಷ ಕುಡಿದ ಭಾಗ ಬಂದರೆ ಗಂಟಲು ಒಣಗುತ್ತಿತ್ತು. ಪುರಾಣ ಓದುವ ಶಾಸ್ತ್ರಿ ಅದನ್ನು ರಾಗವಾಗಿ ಎಳೆದೆಳೆದು ಹೇಳುತ್ತಿದ್ದರು. ದೇವರು ವಿಷವನ್ನು ಗಂಟಲಲ್ಲೇ ನಿಲ್ಲಿಸಿಕೊಂಡನಂತೆ, ಹೊಟ್ಟೆಗೆ ಇಳಿಯಗೊಡಲಿಲ್ಲವಂತೆ. ನನಗೆ ಮಾತ್ರ ಹೊಟ್ಟೆಗೇ ಇಳಿಯುತ್ತದಲ್ಲ ಎಂದುಕೊಳ್ಳುತ್ತಿದ್ದ ಹೂವಪ್ಪ.

ಈಗಲೂ ಬಂದದ್ದನ್ನು ನುಂಗಿ ಹೇಳಿದ: "ಸಾವ್ಕಾರ್ರೆ, ನನ್ ಲೈಸನ್ಸ್ ಬುಕ್ಕು ಬೇಕಾಗಿತ್ತು."

"ಯಾಕೋ? ಪೂಜೆ ಮಾಡ್ತೀಯೇನೋ?"

"ಭದ್ರಾವತಿ ಕಾರ್ಖಾನೇಲಿ ಡ್ರೈವರ್ ಕೆಲ್ಸಕ್ಕೆ ಕರ್ದವ್ರೆ. ನಾಳೆ. ಪರ್ಮನೆಂಟು. ಬುಕ್ಕು ಕೈನಾಗೆ ಹಿಡ್ಕಂಡು ಬರ್ಬೇಕಂತೆ."

ಬಯ್ಗುಳ ಬರುತ್ತದೆಂದು ಹೂವಪ್ಪ ತಲೆ ತಗ್ಗಿಸಿ ಕಾದ. ಬರಲಿಲ್ಲ. ಷಡಕ್ಷರಪ್ಪ ಪಕ್ಕದಲ್ಲಿದ್ದ ಶಿವಯೋಗಪ್ಪನ ಮುಖ ನೋಡಿದ, ಶಿವಯೋಗಪ್ಪ ಕೈಯ ಬಟ್ಟಲಿನ ಕಡೆ ನೋಡಿಕೊಂಡು ನಕ್ಕ.

"ಹೋಗ್ಬಾರೋ, ಹೋಗ್ಬಾ. ನಾನ್ಯಾಕೆ ನಿನ್ ಅನ್ನಕ್ಕೆ ಅಡ್ಡ ಬರ್ಲಿ? ಲೇ ಇವ್ಳೇ, ಹೂವನ ಪುಸ್ತಕ ಕೊಡು."

ಡ್ರೈವರಾದವನ ಲೈಸೆನ್ಸು ಆ ಮನೆಯ ದೇವರ ಕೋಣೆಯಲ್ಲಿರಬೇಕೆಂಬುದು ಷಡಕ್ಷರಪ್ಪನ ಕಟ್ಟಳೆ. ಕೆಲಸಕ್ಕೆ ಸೇರಿದ ದಿನವೇ ಇಸಿದುಕೊಂಡು, "ದೇವ್ರ ಮುಂದೆ ಇರ್ಲಿ, ನಿನ್ಗೇ ಒಳ್ಳೇದು" ಎಂದು ಗೋಡೆಯ ಗೂಡಿನಲ್ಲಿ ಇಟ್ಟುಬಿಡುತ್ತಿದ್ದ. ದಾರಿಯಲ್ಲಿ ಪೊಲೀಸರು ಹಿಡಿದರೆ ಷಡಕ್ಷರಪ್ಪನವರ ಗಾಡಿ ಎಂದರೆ ಸಾಕು. ಸಂಜೆ ಅವರೇ ಮನೆಗೆ ಬಂದು ಕಾಫಿ ಕುಡಿದು, ಬೇಕಾದ ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದರು. ಹೂವಪ್ಪನಿಗೆ ಇದರಲ್ಲಿ ಒಂದು ಗುಟ್ಟಾದ ಹಿಗ್ಗಿತ್ತು. ತಾನು ಮೆಟ್ಟಿಲೂ ಹತ್ತಲಾಗದ ಮನೆಯಲ್ಲಿ, ಎಲ್ಲಕ್ಕಿಂತ ಒಳಗಿನ ಕೋಣೆಯಲ್ಲಿ, ತನ್ನ ಫೋಟೋ ಇರುವ ಪುಸ್ತಕ ದಿನವೂ ಮಂಗಳಾರತಿ ನೋಡುತ್ತಿದೆ.

ಸುಭದ್ರಮ್ಮ ಪುಸ್ತಕ ತಂದರು. ಮೇಲಿನ ಮೆಟ್ಟಿಲಲ್ಲಿ ನಿಂತು ಅವನ ಬೊಗಸೆಗೆ ತಾಗದಷ್ಟು ಎತ್ತರದಿಂದ ಬಿಟ್ಟರು. ಅದು ಬೊಗಸೆ ತಪ್ಪಿ ಸಗಣಿ ಸಾರಿಸಿದ ಹಸಿ ನೆಲಕ್ಕೆ ಬಿತ್ತು.

"ದೇವರ ಹತ್ರ ಇದ್ದದ್ದು. ಹುಷಾರಾಗಿ ಇಟ್ಕೋ" ಎಂದರು.

*

"ಅಯ್, ನಿನ್ ಮೊಖಕ್ಕೂ ಕುಂಕ್ಮ ಹಚ್ಚವ್ರಲ್ಲೋ ಮಾರಾಯ!" ಹೆಂಡತಿ ನಂಜಮ್ಮ ಸೀಮೆಎಣ್ಣೆ ಬುಡ್ಡಿಯ ಹತ್ತಿರ ಪುಸ್ತಕ ಹಿಡಿದು ನಕ್ಕಳು. "ಊರ್ನೋರೆಲ್ಲ ಪೂಜೆ ಮಾಡವ್ರೆ. ನಾನೊಬ್ಳೇ ನಿನ್ನ ಬಯ್ಕಂಡ್ ಕೂತಿರಾಳು."

ಹಟ್ಟಿ ತುಂಗೆಯ ಆಚೆ ದಡದಲ್ಲಿತ್ತು. ಹೊಳೆ ಕೆಂಪಾಗಿ ಹರಿದಾಗ ಅದೇ ಕೆಂಪು ನೀರು ಕುಡಿಯಬೇಕು. ಇಲ್ಲವೆ ಮೇಲಿನ ಕೇರಿಯ ಬಾವಿಕಟ್ಟೆಯ ಬಳಿ ಕೊಡ ಇಟ್ಟು, ಯಾರಾದರೂ ಸೇದಿ ಮೇಲಿಂದ ಹುಯ್ದಾರೆಂದು ಕಾಯಬೇಕು. ಹಾಗೆ ಹುಯ್ಯುವವರು ಬೇಕೆಂದೇ ಕೊಡದ ಬಾಯಿ ತಪ್ಪಿಸಿ ನಂಜಮ್ಮನ ತಲೆಯ ಮೇಲೆ ಹುಯ್ದು ನಗುತ್ತಿದ್ದರು.

"ಮನೆ ಒಳ್ಗೇ ನಲ್ಲಿಯಂತೆ? ಕಾರ್ಖಾನೆ ಕ್ವಾಟ್ರಸ್ನಾಗೆ?" ಎಂದು ಅವಳು ನೂರನೆಯ ಸಲ ಕೇಳಿದಳು.

"ಒಳ್ಗೇ. ಒಲೆ ಪಕ್ಕಕ್ಕೇ."

"ತಿರುವಿದ್ರೆ ನೀರಾ? ಯಾರ್ನೂ ಕೇಳಂಗಿಲ್ವಾ?"

"ಯಾರ್ನೂ ಕೇಳಂಗಿಲ್ಲ."

"ಹಂಗಾರೆ ನಾನು ಅಡ್ಗೆ ಮಾಡಲ್ಲ ಕಣೋ. ನಲ್ಲಿ ತಿರುವ್ತಾ ಕೂತಿರ್ತೀನಿ."

ಅವಳು ಪುಸ್ತಕದ ಹಾಳೆ ಮಗುಚಿದಳು. ಹಾಳೆ ಹಾಳೆಗೂ ಕೆಂಪು ಮಸಿಯ ಬರವಣಿಗೆ, ಅದರ ಕೆಳಗೆ ಉರುಟು ಮೊಹರು. "ಇದೇನೋ ಕೆಂಪಗೆ? ಸಾವ್ಕಾರ್ರು ಮಂತ್ರ ಬರ್ಸವ್ರಾ?"

"ಕೋರ್ಟ್ನಾಗೆ ದಂಡ ಕಟ್ಟಿದ್ಕೆ ಹಾಕ್ಕೊಡೋ ರುಜು ಅದು. ಮುಗೀತು ಅಂತ."

ಆಗಾಗ್ಗೆ ಷಡಕ್ಷರಪ್ಪ ಅವನನ್ನು ಕೋರ್ಟಿಗೆ ಕಳಿಸುತ್ತಿದ್ದ. ಹೆಸರು ಕೂಗಿದಾಗ ಕಟಕಟೆಯೊಳಗೆ ನಿಂತು, ಕೈಮುಗಿದು, ತಪ್ಪಾಯ್ತು ಸ್ವಾಮಿ ಎಂದು ಹೇಳಬೇಕು. ತಪ್ಪು ಏನೆಂದು ಇವನು ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಕೆಲವು ಸಲ ಲಾರಿಗೆ ಷಡಕ್ಷರಪ್ಪನೇ ತುಂಬಿಸಿದ ಹೆಚ್ಚಿನ ಇದ್ದಿಲು. ಕೆಲವು ಸಲ ಶಿವಯೋಗಪ್ಪ ಸಂಜೆ ಗಾಡಿ ತೆಗೆದುಕೊಂಡು ಹೋಗಿ ಮಾಡಿದ ಭಾನಗಡಿ. ದಂಡ ಧಣಿಯೇ ಕಟ್ಟುತ್ತಿದ್ದ. ಹೂವಪ್ಪನಿಗೆ ಹೋಟೆಲಿನ ಹಿಂದೆ ಗೂಟಕ್ಕೆ ನೇತುಹಾಕಿದ್ದ ಬೇರೆ ಲೋಟದಲ್ಲಿ ಒಂದು ಕಾಫಿ.

ಇದರಲ್ಲಿ ಅವನಿಗೆ ದೊಡ್ಡ ಅನ್ಯಾಯವೇನೂ ಕಂಡಿರಲಿಲ್ಲ. ಹಟ್ಟಿಯಲ್ಲಿ ನ್ಯಾಯಕ್ಕೆ ಕಟ್ಟೆಮನೆ ಸೇರಿದಾಗಲೂ ಹೀಗೆಯೇ. ಯಜಮಾನ ಕರಿಯಣ್ಣ ಮಾರಮ್ಮನ ಮುಂದೆ ಕೂರುತ್ತಾನೆ. ತಪ್ಪಿತಸ್ಥ ತಪ್ಪುಕಾಣಿಕೆ ಇಟ್ಟು, ಅಡ್ಡಬಿದ್ದು, ತೀರ್ಥ ಕುಡಿಯುತ್ತಾನೆ. ತೀರ್ಥ ಗಂಟಲಿಳಿದ ಮೇಲೆ ತಪ್ಪು ಸತ್ತಂತೆ. ಆಮೇಲೆ ಯಾರಾದರೂ ಅದನ್ನು ಎತ್ತಿ ಆಡಿದರೆ ಆಡಿದವನಿಗೇ ದಂಡ. ಮಗನ ತಪ್ಪಿಗೆ ಅಪ್ಪ, ತಮ್ಮನ ತಪ್ಪಿಗೆ ಅಣ್ಣ ನಿಂತದ್ದೂ ಉಂಟು. ಹಟ್ಟಿಯ ಕಟ್ಟೆಯಲ್ಲೇ ಹೀಗಿರುವಾಗ ಸರ್ಕಾರದ ಕಟ್ಟೆ ಇನ್ನೆಷ್ಟು ದೊಡ್ಡದು!

ನಂಜಮ್ಮ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಅವನ ತಲೆದಿಂಬಿನ ಕೆಳಗೆ ಇಟ್ಟಳು.

*

ಕಾರ್ಖಾನೆಯ ಗೇಟಿನ ಹೊರಗೆ ಡ್ರೈವರುಗಳ ಸಾಲು ಬೆಳಿಗ್ಗೆಯೇ ಬೆಳೆದಿತ್ತು. ಹೂವಪ್ಪ ಮೊದಲ ಬಸ್ಸಿಗೇ ಬಂದಿದ್ದ. ನಂಜಮ್ಮ ಅವನ ಬೆನ್ನನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಕೆಂಪು ಮಾಡಿದ್ದರೂ ಕತ್ತಿನ ಗೆರೆಗಳಲ್ಲಿ ಇದ್ದಿಲು ಹಾಗೇ ಇತ್ತು. ಮುಂದೆ ನಿಂತಿದ್ದ ತಮಿಳಿನವನು ಅವನ ಕೈಯ ಪುಸ್ತಕ ನೋಡಿ, "ಎನ್ನಪ್ಪಾ ಇದು, ಲೈಸೆನ್ಸಾ ಮಾರಿಯಮ್ಮನ್ ಗುಡಿಯಾ? ಇಷ್ಟು ಕುಂಕುಮ ಹಾಕಿದ್ಯಲ್ಲಾ!" ಎಂದ. ಸಾಲೆಲ್ಲ ನಕ್ಕಿತು. ಹೂವಪ್ಪನೂ ನಕ್ಕ.

ಹೊತ್ತೇರಿದ ಮೇಲೆ ಹಾರ ಹಾಕಿದ ಲಾರಿಯೊಂದು ಬಂದು ಗೇಟಿನ ಪಕ್ಕದಲ್ಲಿ ನಿಂತಿತು. ಶಿವಯೋಗಪ್ಪ ಇಳಿದ. ಬಿಳಿ ಶರ್ಟು, ಹಣೆಯ ತುಂಬ ವಿಭೂತಿ.

"ನೀವೂ ಬಂದ್ರಾ ಬುದ್ದಿ?" ಎಂದ ಹೂವಪ್ಪ.

"ಹೆಣ್ಣು ನೋಡಿದಾರೆ ಕಣೋ. ಪರ್ಮನೆಂಟ್ ನೌಕ್ರಿ ಇದ್ರೇ ಕೊಡೋದು ಅಂತಾರೆ ಅವ್ಳ ಅಪ್ಪ. ನಮ್ ಸೋದರಮಾವ ಎಷ್ಟು ವರ್ಷದಿಂದ ಇದಕ್ಕೇ ಕಾಯ್ತಿದಾರೆ ಗೊತ್ತಾ?" ಎಂದು ಸಾಲಿನಲ್ಲಿ ನಿಲ್ಲದೆ ಒಳಗೆ ಹೋದ.

ಹೂವಪ್ಪನ ಸರದಿ ಬಂತು. ಕಾರ್ಖಾನೆಯ ಲಾರಿಯನ್ನು ಅಂಗಳದಲ್ಲಿ ಸುತ್ತಿಸಿ, ಹಿಂದಕ್ಕೆ ತಂದು, ಹೇಳಿದ ಕಡೆ ನಿಲ್ಲಿಸಿದ. ಮರದ ಕೆಳಗೆ ಮೇಜು ಹಾಕಿಕೊಂಡಿದ್ದ ಆಫೀಸರು ತಲೆಯಾಡಿಸಿದರು. "ಪರವಾಗಿಲ್ಲಯ್ಯಾ. ಕೈ ಹದ ಇದೆ. ಎಲ್ಲಿ, ಕೊಡು."

ಅವರು ಹಾಳೆ ತಿರುವಿದರು. ಮತ್ತೊಂದು ತಿರುವಿದರು. ಹೆಬ್ಬೆರಳಿಗೆ ಅಂಟಿದ ಕುಂಕುಮವನ್ನು ಮೇಜಿನ ಅಂಚಿಗೆ ಒರೆಸಿದರು. ಆಮೇಲೆ ಪಕ್ಕದ ಗುಮಾಸ್ತನಿಗೆ ಕೇಳಿಸುವ ಹಾಗೆ ಓದತೊಡಗಿದರು.

"ಹೆಚ್ಚು ಭಾರ. ಹೆಚ್ಚು ಭಾರ. ದೀಪವಿಲ್ಲದೆ ಓಡಿಸಿದ್ದು. ಹೆಚ್ಚು ಭಾರ. ಗಾಂಧಿ ಬಜಾರಿನಲ್ಲಿ ತಳ್ಳುಗಾಡಿಗೆ ಹೊಡೆದದ್ದು. ಕುಡಿದು ಓಡಿಸಿದ್ದು. ಅತಿ ವೇಗ. ಅಯ್ಯಯ್ಯಪ್ಪ, ಮತ್ತೆ ಕುಡಿದು ಓಡಿಸಿದ್ದು! ಏನಯ್ಯಾ ಇದು, ಲೈಸೆನ್ಸೋ ನಿನ್ನ ಜಾತಕವೋ?"

"ಅದೆಲ್ಲ ಮುಗ್ದೈತೆ ಸ್ವಾಮಿ. ದಂಡ ಕಟ್ಟೀವಿ."

"ದಂಡ ಕಟ್ಟಿದರೆ ಮುಗಿಯುತ್ತೇನಯ್ಯಾ? ಕೆಂಪು ಮಸೀಲಿ ಬರೆಯೋದೇ ಮರೀಬಾರದು ಅಂತ. ನೀನು ಸತ್ತರೂ ಇದು ಸಾಯಲ್ಲ."

"ನಮ್ ಕಟ್ಟೆಮನೇಲಿ ತಪ್ಪುಕಾಣ್ಕೆ ಇಟ್ಟ್ ಮ್ಯಾಲೆ ಯಾರೂ ಎತ್ತಂಗಿಲ್ಲ ಸ್ವಾಮಿ..."

ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಆಫೀಸರಿಗೂ ನಗು ಬಂತು. "ಕಾರ್ಖಾನೆ ಗಾಡಿಗಳನ್ನ ನಿಮ್ಮ ಕಟ್ಟೆಮನೆಗೆ ಕಳಿಸಿಕೊಡ್ತೀನಿ, ಅಲ್ಲೇ ಓಡಿಸ್ಕೋ."

"ಕುಡ್ದು ಓಡ್ಸಿದ್ದು ನಾನಲ್ಲ ಸ್ವಾಮಿ. ನಾನು ಹೆಂಡ ಮೂಸ್ದೋನೂ ಅಲ್ಲ. ಅಕಾ, ಅಲ್ ನಿಂತವ್ರಲ್ಲ, ಅವ್ರು."

ಶಿವಯೋಗಪ್ಪ ಮೇಜಿನ ಆ ಬದಿಯಲ್ಲಿ ಕೈಕಟ್ಟಿ ನಿಂತಿದ್ದ.

"ಜಡ್ಜಿ ಮುಂದೆ ನಿಂತು ತಪ್ಪಾಯ್ತು ಅಂದವನು ಯಾರು?"

"ನಾನೇಯ. ಅನ್ನು ಅಂದ್ರು, ಅಂದೆ."

"ಅನ್ನು ಅಂದರೆ ಕೊಲೆ ಮಾಡಿದೆ ಅಂತಲೂ ಅಂತೀಯಾ?" ಆಫೀಸರು ಪುಸ್ತಕವನ್ನು ಮೇಜಿನ ಮೇಲಿಂದ ಅವನ ಕಡೆಗೆ ನೂಕಿ, ಶಿವಯೋಗಪ್ಪನದನ್ನು ಎತ್ತಿಕೊಂಡರು. ಹಾಳೆಗಳನ್ನು ಸರಸರ ಹಾರಿಸಿ ಸಾಲಿನ ಕಡೆಗೆ ಎತ್ತಿ ತೋರಿಸಿದರು. ಬಿಳಿ, ಬರೀ ಬಿಳಿ.

"ನೋಡ್ರಯ್ಯಾ, ಹೀಗಿರಬೇಕು ಪುಸ್ತಕ ಅಂದರೆ! ಒಂದು ಚುಕ್ಕೆ ಇಲ್ಲ."

ಹೂವಪ್ಪ ಗೇಟು ದಾಟಿ ಹೊರಗೆ ಬರುವಾಗ ಬೆನ್ನ ಹಿಂದೆ, ನಾಡಿದ್ದು ಬಂದು ಸೇರಿಕೋ ಎಂದು ಆಫೀಸರು ಶಿವಯೋಗಪ್ಪನಿಗೆ ಹೇಳಿದ್ದು ಕೇಳಿಸಿತು. ಬಸ್ಸಿಗಾಗಿ ಕಾಯುತ್ತ ಕೂತ. ಕಾರ್ಖಾನೆಯ ಕ್ವಾಟ್ರಸ್ ಸಾಲು ಅಲ್ಲಿಂದ ಕಾಣುತ್ತಿತ್ತು. ಯಾವುದೋ ಮನೆಯ ಹಿತ್ತಲಲ್ಲಿ ನಲ್ಲಿಯನ್ನು ತಿರುವಿ ಬಿಟ್ಟು ಮರೆತಿದ್ದರು. ನೀರು ತನ್ನ ಪಾಡಿಗೆ ತಾನು ಚರಂಡಿಗೆ ಹೋಗುತ್ತಿತ್ತು.

*

ಮಾಚೇನಹಳ್ಳಿ ದಾಟುವ ಮುಂಚೆ ಬಸ್ಸು ನಿಧಾನವಾಯಿತು. ರಸ್ತೆಯಲ್ಲಿ ಜನ. ಕಟ್ಟು ಬಿಚ್ಚಿದ ಸೌದೆ ಉದ್ದಕ್ಕೂ ಚೆಲ್ಲಿತ್ತು. ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿಯೊಂದು ಚಕ್ರದ ಗುರುತು ಬಿದ್ದು ಚಪ್ಪಟೆಯಾಗಿ ಡಾಂಬರಿಗೆ ಅಂಟಿತ್ತು, ಅದರ ಸುತ್ತ ಒದ್ದೆ.

"ಸೌದೆ ಮಾರೋ ಮುದ್ಕಿಯಂತೆ. ಗಾಡಿ ನಿಲ್ಲಿಸ್ದೇ ಹೋಗವ್ನಂತೆ ಸೂಳೇಮಗ" ಎಂದಳು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದವಳೊಬ್ಬಳು.

ಹೂವಪ್ಪನೂ ಬಗ್ಗಿ ನೋಡಿದ. ಸೌದೆಯ ನಡುವೆ ಚೆಂಡುಹೂವಿನ ಹಾರದ ತುಂಡೊಂದು ಬಿದ್ದಿತ್ತು. ನಿನ್ನೆ ಸರಿಮಾಡಲು ಹೋಗಿ ಬೈಸಿಕೊಂಡ ಹಾರ.

ಬಸ್ಸಿಳಿದವನಿಗೆ ಹಟ್ಟಿಯ ಕಡೆ ಕಾಲು ಏಳಲಿಲ್ಲ. ಬಾಗಿಲಲ್ಲಿ ನಂಜಿ ನಲ್ಲಿಯ ಮಾತು ಎತ್ತಿಕೊಂಡು ನಿಂತಿರುತ್ತಾಳೆ. ಕಾಲು ದುರ್ಗಿಗುಡಿಯ ಕಡೆಗೆ ತಿರುಗಿತು.

ದೀಪ ಹಚ್ಚುವ ಹೊತ್ತು. ಅಂಗಳದಲ್ಲಿ ಲಾರಿ ಆಗಲೇ ತೊಳೆಸಿಕೊಂಡು ನಿಂತಿತ್ತು. ಜಗಲಿಯ ಬೆಂಚಿನ ಮೇಲೆ ಪೊಲೀಸ್ ದಫೇದಾರ ನಾಗಯ್ಯ ಬೂಟು ಹಾಕಿದ ಕಾಲನ್ನು ಕೆಳಗೆ ಇಳಿಬಿಟ್ಟುಕೊಂಡು ಕಾಫಿ ಹೀರುತ್ತಿದ್ದ. ಷಡಕ್ಷರಪ್ಪ ಮಿಂದು, ಮಡಿಯುಟ್ಟು, ಪೂಜೆಗೆ ಏಳುವುದರಲ್ಲಿದ್ದ. ಹೂವಪ್ಪನನ್ನು ಕಂಡವನೇ ಎದ್ದು ನಿಂತ.

"ಬಾ ಹೂವಪ್ಪ, ಬಾ. ನಿನ್ನೇ ಹುಡುಕಿಸ್ತಿದ್ದೆ."

ಇಷ್ಟು ವರ್ಷಗಳಲ್ಲಿ ಅವನು ಪೂರ್ತಿ ಹೆಸರು ಕರೆದದ್ದು ಅದೇ ಮೊದಲು. ಹೂವಪ್ಪನ ಮೈ ಜುಮ್ಮೆಂದಿತು. ಹಲ್ಲಿ ಮೈಮೇಲೆ ಬಿದ್ದ ಹಾಗೆ.

"ಕೆಲ್ಸ ಆಗ್ಲಿಲ್ವಂತೆ ಪಾಪ. ಹೋಗ್ಲಿ ಬಿಡು, ನಾನಿಲ್ವಾ?" ಷಡಕ್ಷರಪ್ಪ ದನಿ ತಗ್ಗಿಸಿದ. "ನೋಡು, ದಾರೀಲಿ ಒಂದು ಎಡವಟ್ಟಾಯ್ತು. ಸೌದೆ ಮುದುಕಿ, ಕಣ್ಣೂ ಕಾಣಲ್ಲ, ಕಿವೀನೂ ಕೇಳಲ್ಲ, ಬಂದು ಅಡ್ಡ ಬಿದ್ಲು. ದವಾಖಾನೆ ಮುಟ್ಟೋ ಮುಂಚೆ ಹೋಗ್ಬಿಟ್ಲಂತೆ. ಅವಳ ಆಯಸ್ಸು ಅಷ್ಟೇ ಇತ್ತು, ಶಿವನಿಚ್ಛೆ."

"ಪುಸ್ತಕ ಕೊಡೋ" ಎಂದು ನಾಗಯ್ಯ ಎಡಗೈ ಚಾಚಿದ. "ಭದ್ರಾವತಿಯಿಂದ ನೀನೇ ಗಾಡಿ ತಂದಿದ್ದು ಅಂತ ಬರ್ಕೊಂಡಿದೀನಿ. ಕೋರ್ಟಲ್ಲಿ ಜಾಸ್ತಿ ಮಾತಾಡ್ಬೇಡ. ಯಾವಾಗ್ಲೂ ಅನ್ನೋ ಹಂಗೆ ಅನ್ನು."

"ಯಾವಾಗ್ಲೂ ಅನ್ನೋ ಹಂಗೆ" ಎಂದ ಹೂವಪ್ಪ.

"ವರ್ಷವೋ ಎರಡು ವರ್ಷವೋ ಆಗ್ಬೋದು" ಎಂದ ಷಡಕ್ಷರಪ್ಪ. "ನಿನ್ ಹೆಂಡ್ತಿಗೆ ಅಕ್ಕಿ ಕಳಿಸ್ತೀನಿ. ಅಲ್ಲವೋ, ನಿನ್ ಪುಸ್ತಕ ಹೆಂಗೂ ತುಂಬಿ ಕೊಳ್ತು ಹೋಗಿದೆ. ಇನ್ನೊಂದು ಗೀಟು ಬಿದ್ರೆ ನಿನಗೇನು ನಷ್ಟ ಹೇಳು? ಹುಡುಗನ ಬಾಳು ಈಗ ತಾನೆ ಶುರುವಾಗ್ತಿದೆ."

ಒಳಗಿನಿಂದ ಗಂಧದ ಕಡ್ಡಿಯ ವಾಸನೆ ಬಂತು. ಅದರ ಜೊತೆಗೆ ನಿನ್ನೆಯ ಗೋಮೂತ್ರದ ನಾತ, ಬಿಸಿ ಕಾಫಿಯ ವಾಸನೆ, ನಾಗಯ್ಯನ ಬೂಟಿನ ಚರ್ಮದ ವಾಸನೆ. ಹೂವಪ್ಪನ ಗಂಟಲಿಗೆ ಕಫ ಬಂತು. ನುಂಗಲು ಹೋದ. ಇಳಿಯಲಿಲ್ಲ.

ಅವನು ಮೆಟ್ಟಿಲು ಹತ್ತಿದ.

"ಏಯ್, ಏಯ್... ಎಲ್ಲಿಗೋ?"

ಜಗಲಿ ದಾಟಿದ. ಷಡಕ್ಷರಪ್ಪ ತಡೆಯಲು ಕೈ ಎತ್ತಿದವನು, ಮಡಿಯ ನೆನಪಾಗಿ ಕೈಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಸರಿದು ದಾರಿ ಬಿಟ್ಟ. ಹೂವಪ್ಪ ಹೊಸಿಲು ದಾಟಿದ. ಕೆಂಪು ಗಾರೆಯ ನೆಲದ ಮೇಲೆ ಅವನ ಪಾದಗಳು ಒಂದೊಂದಾಗಿ ಕಪ್ಪಗೆ ಮೂಡಿದವು. ಅಡಿಗೆಮನೆಯ ಬಾಗಿಲಲ್ಲಿ ಸುಭದ್ರಮ್ಮ ಚೀರಿದರು. ಅವರ ಕೈಯಿಂದ ಏನೋ ಬಿದ್ದು ಉರುಳಿತು.

ದೇವರ ಕೋಣೆ ಅವನಂದುಕೊಂಡದ್ದಕ್ಕಿಂತ ಸಣ್ಣದು. ದೀಪದ ಹೊಗೆಗೆ ಗೋಡೆಯ ಗೂಡು ಕರಿಹಿಡಿದಿತ್ತು. ಅದರ ನಡುವೆ ಅಂಗೈಯಗಲದ ಒಂದು ಚೌಕ ಮಾತ್ರ ಸುಣ್ಣದ ಬಿಳುಪಿನಲ್ಲೇ ಉಳಿದಿತ್ತು. ತನ್ನ ಪುಸ್ತಕ ಒರಗಿ ನಿಂತಿದ್ದ ಜಾಗ. ಅದರ ಕೆಳಗೆ, ಲಿಂಗದ ಪಾದದಲ್ಲಿ, ಹೂವೊಂದನ್ನು ಏರಿಸಿಕೊಂಡು ಶಿವಯೋಗಪ್ಪನ ಲೈಸೆನ್ಸು ಮಲಗಿತ್ತು.

ಹೂವಪ್ಪ ಮೊದಲು ಕೈಮುಗಿದ. ಆಮೇಲೆ ಚಕ್ಕಂಬಕ್ಕಳ ಹಾಕಿ ಕೂತ.

"ಎಳೀರೋ ಅವನ್ನ ಹೊರಕ್ಕೆ! ಲೇ ಯೋಗಾ!" ಷಡಕ್ಷರಪ್ಪನ ಕೂಗು ಹೊಸಿಲಿನ ಆಚೆಗೇ ನಿಂತಿತು.

ಶಿವಯೋಗಪ್ಪ ಗೋಮೂತ್ರದ ಬಟ್ಟಲು ಹಿಡಿದು ಓಡಿ ಬಂದ. ಅವನೂ ಮಿಂದು ಮಡಿಯುಟ್ಟಿದ್ದ. ಹೊಸಿಲಿನ ಹೊರಗೇ ನಿಂತ. "ನಾಗಯ್ಯನೋರೇ, ನೀವಾದ್ರೂ..." ಎಂದ. ನಾಗಯ್ಯ ಒಂದು ಹೆಜ್ಜೆ ಒಳಗಿಟ್ಟ, "ಅಯ್ಯೋ ಬೂಟು! ಬೂಟು!" ಎಂದು ಸುಭದ್ರಮ್ಮ ಕಿರುಚಿದ್ದಕ್ಕೆ ಹಿಂದೆ ಸರಿದು, ಬಗ್ಗಿ ಬೂಟಿನ ದಾರಕ್ಕೆ ಕೈಹಾಕಿದ. ಬಿಗಿದ ಗಂಟು ಬಿಚ್ಚಲೊಲ್ಲದು. ಸೊಂಟದ ಬೆಲ್ಟೂ ಚರ್ಮದ್ದೇ.

"ನನ್ ಮೊಖ ಇಷ್ಟು ವರ್ಷ ಇಲ್ಲೇ ಇತ್ತಲ್ಲ ಸಾವ್ಕಾರ್ರೆ" ಎಂದ ಹೂವಪ್ಪ. ದನಿ ಏರಿರಲಿಲ್ಲ. "ಈಗ ಮೈನೂ ಬಂದೈತೆ. ಸೇರ್ಸಿ ಕಟ್ಟೆಮನೆ. ಮುದ್ಕೀನ ಕೊಂದೋನು ಒಳಕ್ಕೆ ಬಂದು, ಈ ದ್ಯಾವ್ರ ಮುಂದೆ ನನ್ ಪಕ್ಕ ಕೂತ್ಕಂಡು, ನಾನಲ್ಲ ಅನ್ಲಿ. ಅಲ್ಲೀಗಂಟ ಏಳಲ್ಲ ನಾನು."

ಯಾರೂ ಒಳಗೆ ಬರಲಿಲ್ಲ. ಶಿವಯೋಗಪ್ಪನ ಕೈಯ ಬಟ್ಟಲು ವಾಲಿ, ಅದರಲ್ಲಿದ್ದದ್ದು ಅವನ ಬಿಳಿ ಮಡಿಯ ಮೇಲೆಯೇ ತುಳುಕಿತು.

ಹೂವಪ್ಪ ಹೂವನ್ನು ಎತ್ತಿ ಲಿಂಗದ ಮೇಲಿಟ್ಟ. ಕೆಳಗಿದ್ದ ಪುಸ್ತಕವನ್ನು ತೊಡೆಯ ಮೇಲೆ ತೆರೆದುಕೊಂಡ. ಮೊದಲ ಹಾಳೆಯಲ್ಲಿ ವಿಭೂತಿಯ ಮುಖ. ಮುಂದಿನದು ಬಿಳಿ. ಅದರ ಮುಂದಿನದೂ ಬಿಳಿ.

ಅವನು ಗಂಟಲು ಕ್ಯಾಕರಿಸಿ, ಬಾಯ್ತುಂಬ ಎಳೆದುಕೊಂಡು, ಆ ಬಿಳಿಯ ನಟ್ಟನಡುವೆ ಉಗಿದ. ಕಪ್ಪಗೆ, ಗಟ್ಟಿಯಾಗಿ, ದೀಪದ ಬೆಳಕಿಗೆ ಹೊಳೆಯುತ್ತ ಅದು ಹಾಳೆಯ ಮೇಲೆ ಕೂತಿತು.

ಬೆರಳಿನಿಂದ ಮುಂದಿನ ಹಾಳೆ ತಿರುವಿದ. ಗಂಟಲಲ್ಲಿ ಇನ್ನೂ ಇತ್ತು.